ದೇವರ ಒಳಗಿದ್ದ ಡಬ್ಬಿ

ನನಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟದ್ದು ಅಣ್ಣ. ಶನಿವಾರ ಶಾಲೆ ಬಿಟ್ಟ ಕೂಡಲೇ ನಾನು ಭಟ್ಕಳದಲ್ಲಿ ಬಸ್ಸು ಹತ್ತುತ್ತಿದ್ದೆ. ಕುಮಟಾದಲ್ಲಿ ಇಳಿದು ಕಾಗಾಲದ ತವರುಮನೆಯ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಅವನು ಜಗಲಿಯಿಂದಲೇ ಒಳಗೆ ಕೂಗುತ್ತಿದ್ದ: "ಇನ್‌ಸ್ಪೆಕ್ಟರ್ ಬಂತು, ಸೊಪ್ಪೆಲ್ಲ ಅಡಗ್ಸಿಡಿ!" ಎಲ್ಲರೂ ನಗುತ್ತಿದ್ದರು, ನನ್ನನ್ನು ಬಿಟ್ಟು. ಕೈಯ ಚೀಲ ಇಳಿಸುವ ಮೊದಲು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುವ ಕೆಟ್ಟ ಚಾಳಿ ನನಗಿತ್ತು.

ಕಾರಣ ಆಯಿಯ, ಅಂದರೆ ನಮ್ಮ ಅಮ್ಮನ, ಎದೆಯೊಳಗಿತ್ತು. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರವೊಂದು ಬಂದು ಅವಳ ಹೃದಯದ ಕವಾಟವನ್ನು ಕೆಡಿಸಿಹೋಗಿತ್ತಂತೆ. ಅದು ಗೊತ್ತಾದದ್ದು ಅವಳಿಗೆ ಐವತ್ತೆಂಟು ವರ್ಷವಾದಾಗ, ಬಾವಿಯಿಂದ ಎರಡು ಕೊಡ ನೀರು ತರುವುದರೊಳಗೆ ಏದುಸಿರು ಬರಲು ಶುರುವಾದ ಮೇಲೆ. ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹಳೆಯ ಕವಾಟ ತೆಗೆದು ಕೃತಕ ಕವಾಟ ಕೂರಿಸಿದರು. ಅಂದಿನಿಂದ ಅವಳ ಹತ್ತಿರ ಕೂತರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳುತ್ತಿತ್ತು. ಮೊದಮೊದಲು ನನಗೆ ಆ ಸದ್ದೆಂದರೆ ಹೆದರಿಕೆ. ಆಯಿ ಮಾತ್ರ ನೆಂಟರು ಬಂದಾಗ ತಾನೇ ಕರೆದು ಕೇಳಿಸುತ್ತಿದ್ದಳು. "ಬಾ, ಕಿವಿ ಕೊಡು. ಗಡಿಯಾರ ನುಂಗಿದ್ದೆ," ಎಂದು ಹೇಳಿ ಅವರ ಮುಖ ನೋಡುತ್ತ ಕೂರುವುದು ಅವಳಿಗೊಂದು ಖುಷಿ.

ಆ ಕವಾಟಕ್ಕೆ ಒಂದು ಶರತ್ತಿತ್ತು. ಹೊರಗಿನ ವಸ್ತುವಾದ್ದರಿಂದ ಅದರ ಮೇಲೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹಾಗಾಗದಂತೆ ಬದುಕಿರುವಷ್ಟು ಕಾಲ, ದಿನವೂ ಒಂದೇ ಹೊತ್ತಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗಬೇಕು. ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಒಂದು ಅಂಕಿ ಬರುತ್ತದೆ. ಅದು ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕು. ಮೇಲೆ ಹೋದರೆ ಎಲ್ಲಿಂದಲಾದರೂ ರಕ್ತ ಸೋರೀತು, ಕೆಳಗೆ ಬಂದರೆ ಹೆಪ್ಪುಗಟ್ಟೀತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ವರ್ಷವೂ ಕಪ್ಪು ಹಲಗೆಯ ಮೇಲೆ ಬರೆಯುವವಳು. ಹಾಗಾಗಿ ಮಾತ್ರೆಯ ಉಸ್ತುವಾರಿ ನನ್ನದು ಎಂದು ಯಾರೂ ಹೇಳದೆ ನಾನೇ ವಹಿಸಿಕೊಂಡೆ.

ವಹಿಸಿಕೊಂಡ ರೀತಿ ಚೆನ್ನಾಗಿರಲಿಲ್ಲ ಎಂದು ಈಗ ಅನಿಸುತ್ತದೆ. ಸೊಪ್ಪು ಹೆಚ್ಚಾದರೆ ಆ ಮಾತ್ರೆಯ ಬಲ ಕುಗ್ಗುತ್ತದೆ. ಹಾಗೆಂದು ಪೂರ್ತಿ ಬಿಡಬೇಕಾಗಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ ಎಂದು ಡಾಕ್ಟರು ಹೇಳಿದ್ದರು. ಮಳೆಗಾಲ ಬಂದರೆ ಒಂದೆಲಗದ ತಂಬುಳಿ, ಹರಿವೆ ಪಲ್ಯ, ಬಸಳೆಯ ಹುಳಿ ಎಂದು ಸಾಲುಗಟ್ಟುವ ಮನೆಯಲ್ಲಿ ಅಳತೆ ಯಾರು ನೋಡುತ್ತಾರೆ? ನಾನು ಪೂರ್ತಿ ನಿಲ್ಲಿಸಿಯೇಬಿಟ್ಟೆ. ಆಯಿ ಬೇಲಿಯ ಬದಿಯಲ್ಲಿ ಬಗ್ಗಿ ಒಂದೆಲಗ ಚಿವುಟುವುದು ಕಂಡರೆ "ಎಂತ ಅದು?" ಎಂದು ಕೂಗುತ್ತಿದ್ದೆ. ಅವಳು ಎಲೆಗಳನ್ನು ಸೆರಗಿಗೆ ಸೇರಿಸಿಕೊಂಡು, "ಎಂತದೂ ಇಲ್ಲೆ ಕೂಸೇ, ಕಳೆ ಕೀಳ್ತಾ ಇದ್ದೆ," ಎನ್ನುತ್ತಿದ್ದಳು. ನಲವತ್ತೆರಡು ವರ್ಷದ ನಾನು ಅವಳಿಗೆ ಕೂಸು. ಅರವತ್ತೇಳರ ಅವಳು ನನಗೆ ಹೆದರಿ ಕದ್ದು ಸೊಪ್ಪು ತಿನ್ನುವ ಮಗು.

ಅತ್ತಿಗೆಯ ವಿಷಯ ಹೇಳಬೇಕು. ಅವಳು ಅಣ್ಣನ ಹೆಂಡತಿ, ಸಿದ್ದಾಪುರ ಕಡೆಯವಳು. ಮಾತು ಕಡಿಮೆ. ಅಣ್ಣ ಹೊನ್ನಾವರದ ಬ್ಯಾಂಕಿಗೆ ಹೊರಟರೆ ದಿನವಿಡೀ ಆಯಿಯ ಜೊತೆಗಿರುವವಳು ಅವಳೊಬ್ಬಳೇ. ಒಂದು ಸಲ ಆಯಿಗೆ ಮಂಡಿನೋವು ಜೋರಾಗಿ, ಅತ್ತಿಗೆ ಕುಮಟಾದ ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತರಿಸಿ ಎರಡು ದಿನ ಕೊಟ್ಟಳು. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಅದು ಸೇರಬಾರದು. ಮೂರನೆಯ ಬೆಳಿಗ್ಗೆ ಆಯಿ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ನಿಲ್ಲಲಿಲ್ಲ. ತೊಡೆಯ ಮೇಲೆ ಅಂಗೈ ಅಗಲದ ನೀಲಿ ಕಲೆ. ನಾನು ರಜೆ ಹಾಕಿ ಓಡಿ ಬಂದೆ. ಆಯಿ ಎರಡು ದಿನದಲ್ಲಿ ಸರಿಯಾದಳು. ನನ್ನ ಸಿಟ್ಟು ಮಾತ್ರ ಸರಿಯಾಗಲಿಲ್ಲ. ಊಟದ ಹೊತ್ತಿನಲ್ಲಿ, ಅಣ್ಣನೂ ಆಯಿಯೂ ಕೂತಿದ್ದಾಗಲೇ, ಬಡಿಸುತ್ತಿದ್ದ ಅತ್ತಿಗೆಗೆ ಹೇಳಿದೆ: "ಇನ್ಮೇಲೆ ಆಯಿ ಔಷಧದ ವಿಷಯದಲ್ಲಿ ನನ್ನ ಕೇಳದೆ ಒಂದು ಗುಳಿಗೆನೂ ಮುಟ್ಟಡ. ಕೊಡುದಾದ್ರೂ ಅಷ್ಟೇ, ಬಿಡುದಾದ್ರೂ ಅಷ್ಟೇ. ಫೋನ್ ಇದ್ದು, ಕೇಳು." ಅತ್ತಿಗೆ ಹುಳಿಯ ಸೌಟು ಹಿಡಿದು ನಿಂತವಳು, "ಆತು," ಎಂದಳು. ನನಗಿಂತ ಐದು ವರ್ಷಕ್ಕೆ ದೊಡ್ಡವಳಿಗೆ ನಾನು ಹಾಗೆ ಹೇಳಿದ್ದೆ.

ಇನ್ನು ಡಬ್ಬಿಯ ಕಥೆ. ಆಯಿಗೆ ಮಾತ್ರೆ ಮರೆತುಹೋಗುತ್ತಿತ್ತು. ಒಂದು ದಿನ ಊಟಕ್ಕೆ ಮೊದಲು, ಒಂದು ದಿನ ಧಾರಾವಾಹಿ ಮುಗಿದ ಮೇಲೆ, ಇನ್ನೊಂದು ದಿನ ಇಲ್ಲವೇ ಇಲ್ಲ. ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ ನೋಡಿದೆ. ಅವಳು ಒಂದೇ ಸಲಕ್ಕೆ ಇಡೀ ವಾರದ ಗುರುತು ಹಾಕಿಟ್ಟಳು. ಆಗ ನನಗೊಂದು ಉಪಾಯ ಹೊಳೆಯಿತು. ಮದುವೆಯಾಗಿ ಈ ಮನೆಗೆ ಬಂದಲ್ಲಿಂದ ಆಯಿ ಮರೆಯದ ಕೆಲಸ ಒಂದೇ, ಸಂಜೆ ದೇವರಿಗೆ ದೀಪ ಹಚ್ಚುವುದು. ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಹೋಗಿ ಹಚ್ಚಿದವಳು. ಸರಿ, ಮಾತ್ರೆಯ ಸ್ಟೀಲ್ ಡಬ್ಬಿಯನ್ನು ದೇವರ ಒಳಕ್ಕೆ, ಅಂದರೆ ದೇವರ ಕೋಣೆಗೆ, ಎಣ್ಣೆಗಿಂಡಿಯ ಪಕ್ಕಕ್ಕೆ ಇಟ್ಟುಬಿಟ್ಟೆ. ದೀಪ ಹಚ್ಚು, ಕೈಮುಗಿ, ಮಾತ್ರೆ ನುಂಗು, ತೀರ್ಥದಂತೆ ಮೇಲೆ ನೀರು ಕುಡಿ. ಆಯಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಸುಮಾರು ನಾಲ್ಕು ವರ್ಷ ಒಂದು ಮಾತ್ರೆಯೂ ತಪ್ಪಲಿಲ್ಲ. ಅಂಕಿ ಹೇಳಿದ ಮಾತು ಕೇಳಿಕೊಂಡು ಮೂರರ ಆಸುಪಾಸಿನಲ್ಲಿ ಕೂತಿತು. ನಾನು ಸ್ಟಾಫ್ ರೂಮಿನಲ್ಲಿ ಇದನ್ನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಕೊನೆಕೊನೆಗೆ ನಾನು ಬಾಯಿ ತೆರೆಯುವ ಮೊದಲೇ ಗಣಿತದ ಮೇಷ್ಟ್ರು "ಎಣ್ಣೆಗಿಂಡಿಯ ಪಕ್ಕ ಅಲ್ವಾ ಮೇಡಂ?" ಎನ್ನುತ್ತಿದ್ದರು.

ಕಳೆದ ವರ್ಷ ಬೇಸಿಗೆ ರಜೆಗೆ ಮುಂಚೆ ಚಿಕ್ಕಪ್ಪ ತೀರಿಕೊಂಡ. ಅಪ್ಪನ ತಮ್ಮ, ಆಚೆ ಮನೆಯಲ್ಲೇ ಇದ್ದವನು. ನಾನು ಹೋಗಿ ಮುಖ ನೋಡಿ, ಸಂಜೆಗೆ ಭಟ್ಕಳಕ್ಕೆ ಮರಳಿದೆ. ಮದುವೆಯಾಗಿ ಹೊರಗೆ ಹೋದ ಹೆಣ್ಣಿಗೆ ಈ ಸಾವಿನ ಸೂತಕ ಹತ್ತು ದಿನ ಇಲ್ಲ. ಅಣ್ಣನ ಮನೆಗೆ ಇದೆ. ಸೂತಕದ ಮನೆಯಲ್ಲಿ ಹತ್ತು ದಿನ ಮನೆಯವರು ದೇವರ ಒಳಕ್ಕೆ ಕಾಲಿಡುವುದಿಲ್ಲ, ಅಲ್ಲಿನದನ್ನು ಏನನ್ನೂ ಮುಟ್ಟುವುದಿಲ್ಲ, ದೀಪ ಹಚ್ಚುವುದಿಲ್ಲ. ಹನ್ನೊಂದನೆಯ ದಿನ ಶುದ್ಧವಾದ ಮೇಲೆಯೇ ಆ ಬಾಗಿಲು ತೆರೆಯುವುದು. ಇದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಲ್ಲಿಂದ ನೋಡಿದ್ದೇನೆ. ಆ ದಿನ ಹೊರಡುವಾಗ ದೇವರ ಒಳದ ಬಾಗಿಲು ಮುಂದೆ ಮಾಡಿದ್ದನ್ನು ಕಣ್ಣಾರೆ ನೋಡಿದ್ದೆ. ಬಾಗಿಲ ಆಚೆ ಎಣ್ಣೆಗಿಂಡಿ ಇದೆ, ಅದರ ಪಕ್ಕ ನಾನೇ ಇಟ್ಟ ಡಬ್ಬಿ ಇದೆ ಎಂಬುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮೊದಲ ಪೀರಿಯಡ್ಡಿನಲ್ಲಿ ಅಣ್ಣನ ಫೋನ್ ಬಂತು. ಚಹಾ ಕುಡಿಯುತ್ತಿದ್ದ ಆಯಿಯ ಕೈಯಿಂದ ಲೋಟ ಜಾರಿತಂತೆ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ಹೊರಡಲಿಲ್ಲ. ಕುಮಟಾದ ಆಸ್ಪತ್ರೆಯಲ್ಲಿ ನೋಡಿದವರು ಒಂದು ನಿಮಿಷವೂ ತಡಮಾಡದೆ ಮಂಗಳೂರಿಗೆ ಒಯ್ಯಿರಿ ಎಂದರು. ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ, ಹೃದಯ ಎಂದರೆ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಓಡುವುದೇ. ನಾನು ಭಟ್ಕಳದ ಸರ್ಕಲ್ಲಿನಲ್ಲಿ, ಬಿಸಿಲಿನಲ್ಲಿ, ಕೈಯಲ್ಲಿ ಚಾಕ್‌ಪೀಸಿನ ಪುಡಿ ಹಾಗೇ ಇರುವಾಗ ನಿಂತು ಕಾದೆ. ಆಂಬುಲೆನ್ಸ್ ಈಗ ಹೊನ್ನಾವರದ ಸೇತುವೆ ದಾಟಿರಬಹುದು, ಈಗ ಮುರ್ಡೇಶ್ವರದ ಹತ್ತಿರ ಇರಬಹುದು ಎಂದು ಎಣಿಸುತ್ತ ನಿಂತ ಆ ಹೊತ್ತು ನನ್ನ ಜೀವಮಾನದಲ್ಲೇ ಉದ್ದದ ಹೊತ್ತು.

ಆಂಬುಲೆನ್ಸಿನಲ್ಲಿ ಅಣ್ಣ ಮುಂದೆ ಕೂತಿದ್ದ. ಹಿಂದೆ ಅತ್ತಿಗೆ ಆಯಿಯ ಕಾಲು ಹಿಡಿದುಕೊಂಡಿದ್ದಳು. ಆಯಿ ಕಣ್ಣು ತೆರೆದಿದ್ದಳು. ನನ್ನನ್ನು ಕಂಡು ಎಡಗೈ ಎತ್ತಿದಳು, ಬಲಗೈ ಏಳಲಿಲ್ಲ. ನಾನು ಬಗ್ಗಿ ಅವಳ ಎದೆಗೆ ಕಿವಿ ಇಟ್ಟೆ. ಒಂಬತ್ತು ವರ್ಷ ಕೇಳಿದ ಸದ್ದು ಅಲ್ಲಿರಲಿಲ್ಲ. ಬಟ್ಟೆ ಸುತ್ತಿದ ವಸ್ತುವನ್ನು ಯಾರೋ ಮೆಲ್ಲಗೆ ತಟ್ಟಿದಂತೆ ಏನೋ ಕೇಳಿತು, ಅಷ್ಟೇ. ಇಂಜಿನ್ನಿನ ಗದ್ದಲಕ್ಕೆ ಹಾಗೆ ಕೇಳುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಎಂದು ಗೊತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಹೇಳಿದ್ದು ಇಷ್ಟು: ಕವಾಟದ ಮೇಲೆ ಹೆಪ್ಪುಗಟ್ಟಿದೆ, ಅದರದೊಂದು ಚೂರು ಮಿದುಳಿಗೆ ಹೋಗಿದೆ. ರಕ್ತದ ಅಂಕಿ ಒಂದರ ಹತ್ತಿರ ಬಂದಿದೆ. "ಮಾತ್ರೆ ನಿಲ್ಲಿಸಿದ್ರಾ?" ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ನಾನು ಜೋರಾಗಿ ಹೇಳಿದೆ. ಹೇಳಿ, ಅತ್ತಿಗೆಯ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು.

"ಡಬ್ಬಿ ದೇವರ ಒಳಗಿದ್ದಿತ್ತು ತಂಗೀ," ಎಂದಳು. "ಸೂತಕ ಅಲ್ದಾ."

ನಾನು ಏನೇನು ಅಂದೆ ಎಂಬುದನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಸ್ವಲ್ಪವನ್ನಾದರೂ ಬರೆಯದಿದ್ದರೆ ಅದು ಮೋಸ. "ಸೂತಕ ಇಲ್ಲದವ್ರ ಯಾರನ್ನಾದ್ರೂ ಕರೆದು ತೆಗೆಸಿಕೊಡಲೆ ಬಾಯಿ ಇದ್ದಿದ್ದಿಲ್ಯಾ? ಅಂಗಡಿಯಿಂದ ಹೊಸದು ತರ್ಸಲೆ ಆಗ್ತಿದ್ದಿಲ್ಯಾ? ನಿನ್ನ ಸ್ವಂತ ಆಯಿ ಆಗಿದ್ರೆ ಹೀಂಗೆ ಬಿಡ್ತಿದ್ಯಾ?" ಎಂದೆ. ಕಾರಿಡಾರಿನಲ್ಲಿ ಕೂತಿದ್ದ ಬೇರೆ ರೋಗಿಗಳ ಮನೆಯವರು ತಿರುಗಿ ನೋಡಿದರು. ಅಣ್ಣ ಬಂದು ನನ್ನ ಭುಜ ಹಿಡಿದ. ನನ್ನನ್ನು ಸುಮ್ಮನಾಗಿಸಲು ಬಂದವನು ಹೆಂಡತಿಯ ಕಡೆಗೆ ತಿರುಗಿ, "ಒಂದು ಗುಳಿಗೆ ನೋಡಲೆ ಆಗ್ತಿಲ್ಲೆ ನಿಂಗೆ," ಎಂದ. ಅತ್ತಿಗೆ ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ನಮ್ಮಿಬ್ಬರಿಗೂ ನೀರಿನ ಬಾಟಲಿ ತಂದಳು.

ಮೂರನೆಯ ದಿನ, ಆಯಿ ಇನ್ನೂ ಐಸಿಯುವಿನಲ್ಲಿದ್ದಾಗ, ಹಳೆಯ ರಕ್ತಪರೀಕ್ಷೆಯ ವಿವರ ಕೇಳಿದರು. ಕುಮಟಾದ ಲ್ಯಾಬಿನವರ ನಂಬರ್ ಹುಡುಕಲು ನನ್ನ ಫೋನಿನ ಕರೆಗಳ ಪಟ್ಟಿ ತೆಗೆದೆ. ಕೆಳಗೆ ಸರಿಸುತ್ತ ಹೋದಂತೆ "ಆಯಿ" ಎಂದು ಕಂಡಿತು. ಚಿಕ್ಕಪ್ಪ ತೀರಿಕೊಂಡ ಮೂರನೆಯ ಸಂಜೆ, ಆರೂ ಐವತ್ತಕ್ಕೆ ಬಂದ ಕರೆ. ಹದಿನೆಂಟು ಸೆಕೆಂಡು.

ಹದಿನೆಂಟು ಸೆಕೆಂಡಿನಲ್ಲಿ ಏನಾಗಿತ್ತೆಂಬುದು ಒಮ್ಮೆಗೇ ನೆನಪಿಗೆ ಬಂತು. ಆ ದಿನ ಮಕ್ಕಳ ಅಂಕ ಕಂಪ್ಯೂಟರಿಗೆ ಏರಿಸಲು ಕೊನೆಯ ದಿನ. ಸರ್ವರ್ ಸಿಗುತ್ತಿರಲಿಲ್ಲ, ಸಿಕ್ಕರೆ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ಇಡೀ ತರಗತಿಯ ಅಂಕ ಅಳಿಸಿಹೋಗಿ ನನ್ನ ತಲೆ ಕೆಟ್ಟಿತ್ತು. ಆಗ ಆಯಿಯ ಫೋನ್. "ಕೂಸೇ, ಆ ಗುಳಿಗೆ ಡಬ್ಬಿ ದೇವರ ಒಳಗೆ ಇದ್ದಲೆ, ಎಂತ ಮಾಡುದು ಹೇಳಿ..." ಎಂದು ಶುರುಮಾಡಿದ್ದಳು. ಡಬ್ಬಿ ಎಂದದ್ದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. "ಆಯಿ, ಕೆಲಸ ಇದ್ದು, ಆಮೇಲೆ ನಾನೇ ಮಾಡ್ತೆ," ಎಂದು ಇಟ್ಟುಬಿಟ್ಟಿದ್ದೆ. ಆಮೇಲೆ ಮಾಡಲಿಲ್ಲ. ಆ ದಿನವೂ ಇಲ್ಲ, ಮಾರನೆಯ ದಿನವೂ ಇಲ್ಲ. ನನ್ನ ಕೇಳದೆ ಮುಟ್ಟಬಾರದು ಎಂದಿದ್ದೆ. ಆಯಿ ಕೇಳಿದಳು. ಕೇಳಿ, ನಾನು ಹೇಳುವವರೆಗೆ ಕಾದಳು.

ಆ ಸಾಲನ್ನು ಫೋನಿನಿಂದ ಅಳಿಸಿಹಾಕಿದೆ. ಹೌದು, ಅಳಿಸಿದೆ. ಯಾಕೆ ಎಂದು ಕೇಳಿದರೆ ಹೇಡಿತನ ಎಂಬುದು ಬಿಟ್ಟು ಬೇರೆ ಉತ್ತರವಿಲ್ಲ. ಆಯಿಗೆ ಮಾತು ಹೋಗಿತ್ತು, ಕರೆಯ ವಿಷಯ ಗೊತ್ತಿದ್ದವರು ನಾವಿಬ್ಬರೇ. ಅವಳ ಚಿಕ್ಕ ಫೋನಿನಲ್ಲಿ ಎರಡರ ಗುಂಡಿ ಒತ್ತಿ ಹಿಡಿದರೆ ನನಗೆ ಕರೆ ಬರುವಂತೆ ನಾನೇ ಮಾಡಿಕೊಟ್ಟಿದ್ದೆ. ಆಯಿ ಬೇಗ ಮಾತಾಡಲಿ ಎಂದು ದೇವರಿಗೆ ಹರಕೆ ಹೊತ್ತುಕೊಂಡೆ. ಅದೇ ಹೊತ್ತಿಗೆ, ಅವಳು ಮಾತಾಡಿದರೆ ಮೊದಲು ಏನು ಹೇಳುತ್ತಾಳೋ ಎಂದು ಹೆದರಿದೆ. ಇಂಥ ಮಗಳು ನಾನು.

ಇಂಜೆಕ್ಷನ್ನು, ಔಷಧಗಳಿಂದ ಕವಾಟದ ಮೇಲಿನ ಹೆಪ್ಪು ನಿಧಾನಕ್ಕೆ ಕರಗಿತು. ಮತ್ತೆ ಆಪರೇಷನ್ ಬೇಕಾಗಲಿಲ್ಲ. ತಿಂಗಳ ಹತ್ತಿರ ಮಂಗಳೂರಿನಲ್ಲಿದ್ದು ಆಯಿ ಕಾಗಾಲಕ್ಕೆ ಮರಳಿದಳು. ಟಿಕ್ ಟಿಕ್ ಸದ್ದು ತಿರುಗಿ ಬಂತು. ಬಲಗೈ ಬರಲಿಲ್ಲ. ಮಾತಿನಲ್ಲಿ ಒಂದೇ ಒಂದು ಶಬ್ದ ಉಳಿಯಿತು, "ಆತು." ಹಸಿವೆಯಾ ಎಂದರೆ ಆತು, ನೋವಾ ಎಂದರೆ ಆತು. ನಿರಾಸೆಯಾದಾಗ ಅದೇ ಶಬ್ದವನ್ನು ಅಳುತ್ತ ಹೇಳುತ್ತಾಳೆ. ಡಬ್ಬಿ ಈಗ ಅಡುಗೆಮನೆಯ ಗೂಡಿನಲ್ಲಿದೆ. ಅತ್ತಿಗೆಯ ಫೋನಿನಲ್ಲಿ ಅಲಾರಾಂ ಇದೆ. ಅವಳೇ ಮಾತ್ರೆ ಕೊಡುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಉಣಿಸುತ್ತಾಳೆ. ವಾರಕ್ಕೆ ಎರಡು ಸಲ ಹಿಡಿಯಷ್ಟು ಒಂದೆಲಗದ ತಂಬುಳಿ ಮಾಡುತ್ತಾಳೆ. ನಾನು ಮುಚ್ಚಳ ಎತ್ತಿ ನೋಡುವುದನ್ನು ಬಿಟ್ಟಿದ್ದೇನೆ.

ಅಣ್ಣ ಬಿಟ್ಟಿಲ್ಲ. ಬ್ಯಾಂಕಿನಿಂದ ಬಂದು ಅಂಗಳದಲ್ಲಿ ಬೈಕು ನಿಲ್ಲಿಸುತ್ತಲೇ ದಿನವೂ ಅವನದೊಂದು ಪ್ರಶ್ನೆ: "ಗುಳಿಗೆ ಕೊಟ್ಯಾ? ಮರೆತಿದ್ದಿಲ್ಲೆ ಅಲ್ದಾ?" ಕೇಳುವ ಧಾಟಿ ಅವನದಲ್ಲ, ನನ್ನದು. ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನಿಂದ ಕಲಿತದ್ದು. ಅತ್ತಿಗೆ ದಿನವೂ "ಕೊಟ್ಟಿದ್ದೆ," ಎನ್ನುತ್ತಾಳೆ. ಶನಿವಾರ ಶನಿವಾರ ಅದನ್ನು ಕೇಳಿಸಿಕೊಂಡು, ಏನೂ ತಿಳಿಯದವಳಂತೆ ಆಯಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿರುತ್ತಿದ್ದೆ. ಹೀಗೆ ಏಳು ತಿಂಗಳು.

ಹೋದ ತಿಂಗಳ ಒಂದು ಶನಿವಾರ ಅಣ್ಣ ಇನ್ನೂ ಬಂದಿರಲಿಲ್ಲ. ಅತ್ತಿಗೆ ಮೆಟ್ಟಿಲ ಮೇಲೆ ಕೂತು ತೆಂಗಿನಕಾಯಿ ಹೆರೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಅತ್ತಿಗೆ, ಒಂದು ಮಾತು ಹೇಳುದಿದ್ದು," ಎಂದೆ. "ಆಯಿ ಆಗ ನಂಗೆ ಫೋನ್ ಮಾಡಿತ್ತು. ಸೂತಕದ ಮೂರನೇ ದಿನ."

ಅವಳು ಹೆರೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತಿದ್ದು," ಎಂದಳು. "ಆಯಿ ಕನ್ನಡಕ ಸಿಕ್ಕಿದ್ದಿಲ್ಲೆ. ಗುಂಡಿ ಒತ್ತಿಕೊಟ್ಟಿದ್ದು ನಾನೇ."

ಅಂದರೆ ಕಾರಿಡಾರಿನಲ್ಲಿ ನಾನು ಕಿರುಚುತ್ತಿದ್ದಾಗ ಅವಳಿಗೆ ಗೊತ್ತಿತ್ತು. ಗಂಡ ದಿನವೂ ಅಂಗಳದಿಂದ ಕೇಳುವಾಗ ಗೊತ್ತಿತ್ತು. ನಾನು ಮುಗ್ಧಳಂತೆ ಎಣ್ಣೆ ಹಚ್ಚುತ್ತ ಕೂತದ್ದನ್ನು ಏಳು ತಿಂಗಳು ನೋಡಿದ್ದಳು. "ಮತ್ತೆ ಎಂತಕ್ಕೆ ಹೇಳಿದ್ದಿಲ್ಲೆ?" ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಆಗಲೂ.

"ಹೇಳಿದ್ರೆ ನೀ ಮೊಖ ತೋರ್ಸಲಾಗದೆ ಬಪ್ಪದು ಬಿಡ್ತಿದ್ದೆ," ಎಂದಳು. "ಶನಿವಾರ ಬೆಳಗಾದ್ರೆ ಆಯಿ ಬಾಗಿಲು ನೋಡ್ತಾ ಕೂತ್ಕತ್ತು. ಅದಕ್ಕೆ ನೀ ಬೇಕು." ಹೆರೆದ ಕಾಯಿತುರಿಯನ್ನು ಒಟ್ಟುಮಾಡುತ್ತ ಮತ್ತೆ ಹೇಳಿದಳು: "ನಂದೂ ತಪ್ಪಿದ್ದು. ನೀ ಫೋನ್ ಮಾಡದೇ ಇದ್ರೂ ನಾನು ಒಳಗೆ ಹೋಗಿ ತರ್ಬೇಕಾಗಿತ್ತು. ನಿಂಗೆ ಹೆದರಿದೆ. ದೇವರಿಗೆ ಅಷ್ಟು ಹೆದರಿದ್ದಿಲ್ಲೆ."

ಅಂಗಳಕ್ಕೆ ಬೈಕು ಬಂತು. ಅಣ್ಣ ಹೆಲ್ಮೆಟ್ ತೆಗೆಯುತ್ತ, ನನ್ನನ್ನು ನೋಡಿ ನಕ್ಕು, ಎಂದಿನಂತೆ ಅತ್ತಿಗೆಯನ್ನು ಕೇಳಿದ: "ಗುಳಿಗೆ ಕೊಟ್ಯಾ? ಮರೆತಿದ್ದಿಲ್ಲೆ ಅಲ್ದಾ?"

ಅತ್ತಿಗೆ ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತೆ. ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದ ಆಯಿ ನನ್ನನ್ನೇ ನೋಡುತ್ತಿದ್ದಳು.

"ಅಣ್ಣಾ, ಇನ್ಮೇಲೆ ಅತ್ತಿಗೆ ಹತ್ರ ಹೀಂಗೆ ಕೇಳಡ," ಎಂದೆ. "ಕೇಳುದಾದ್ರೆ ನನ್ನ ಕೇಳು. ಆಯಿ ಫೋನ್ ಮಾಡಿ ಕೇಳಿತ್ತು. ನಾನು ಇಟ್ಟುಬಿಟ್ಟಿದ್ದೆ."